ಹದಿನಾರನೆಯ ಪ್ರತಿ

ಆ ದಿನ ನಮ್ಮ ಪಡಸಾಲೆಯಲ್ಲಿ ತಲೆ ಎತ್ತಿ ಓಡಾಡುವಂತಿರಲಿಲ್ಲ. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಹದಿನೈದು ಹಾಳೆಗಳನ್ನು ತೂಗುಬಿಟ್ಟಿದ್ದೆ. ಎಲ್ಲದರ ಮೇಲೂ ಒಂದೇ ಚಿತ್ರ, ಒಂದೇ ಕಪ್ಪು. ಮನೆಯವರು ಊಟಕ್ಕೆ ಬಂದವರು ಬಗ್ಗಿಕೊಂಡೇ ಅಡುಗೆಮನೆಗೆ ಹೋದರು, ಬಗ್ಗಿಕೊಂಡೇ ಹೊರಗೆ ಹೋದರು. ಮಾತಾಡಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಮೌನವನ್ನು ಒಪ್ಪಿಗೆಯೆಂದೇ ತಿಳಿಯುವುದನ್ನು ನಾನು ಕಲಿತಿದ್ದೇನೆ.

ನಾನು ಹುಮನಾಬಾದಿನವಳಾಗಿದ್ದು ಮದುವೆಯಾದ ಮೇಲೆ. ತವರು ಬಸವಕಲ್ಯಾಣ. ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿ ಮಾವಿನಕಾಯಿ, ತಂಬಿಗೆ, ಗುಡ್ಡದ ಹಿಂದಿನ ಸೂರ್ಯ ಇವನ್ನೇ ಬರೆಸುತ್ತ ನಿವೃತ್ತಳಾದೆ. ಆಮೇಲೆ ಒಂದು ಮದುವೆಮನೆಯ ಪಂಕ್ತಿಯಲ್ಲಿ ಕೂತಾಗ ನಾವು ಆರು ಜನ ಹೆಂಗಸರು, ಈ ಊರಿನ ಮೂವರು, ಆ ಊರಿನ ಮೂವರು, ಕೂಡಿ ಒಂದು ಪ್ರದರ್ಶನ ಮಾಡೋಣವೆಂದು ಮಾತಾಡಿಕೊಂಡೆವು. ಇಂಥ ಮಾತು ಹೋಳಿಗೆ ಮುಗಿಯುವುದರೊಳಗೆ ಮರೆತುಹೋಗಬೇಕು. ಏಕೋ ಮರೆಯಲಿಲ್ಲ. ಬಸವಕಲ್ಯಾಣದಲ್ಲಿ ಮೂರು ದಿನಕ್ಕೆ ಒಂದು ಹಾಲ್ ಸಿಕ್ಕಿತು. ಪೇಂಟಿಂಗ್ ಆದರೆ ಒಬ್ಬರಿಗೇ ಕೊಡಬಹುದು, ಬೆಲೆಯೂ ಹೆಚ್ಚು. ನಮ್ಮ ಊರುಗಳಲ್ಲಿ ಕೊಳ್ಳುವವರಾರು? ಅದಕ್ಕೇ ಎಲ್ಲರೂ ಕೈಯಚ್ಚಿನ ಚಿತ್ರಗಳನ್ನೇ ಮಾಡುವುದು, ಒಬ್ಬೊಬ್ಬರದು ಹದಿನೈದೇ ಪ್ರತಿ, ಹೆಚ್ಚಿಲ್ಲ ಎಂದು ಗೊತ್ತುಮಾಡಿಕೊಂಡೆವು. ಈ 'ಹೆಚ್ಚಿಲ್ಲ' ಎನ್ನುವ ಮಾತನ್ನು ಆಗ ನಾನೇ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದೆ.

ಲಿನೋಲಿಯಂ ಎನ್ನುವುದು ಮೂಲದಲ್ಲಿ ನೆಲಕ್ಕೆ ಹಾಸುವ ವಸ್ತು. ಅಗಸೆಯ ಎಣ್ಣೆ, ಬೂಚಿನ ಮರದ ಪುಡಿ, ರಾಳ ಇವುಗಳನ್ನು ಕಲಸಿ ಸೆಣಬಿನ ಬಟ್ಟೆಯ ಮೇಲೆ ಕೂಡಿಸಿರುತ್ತಾರೆ. ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಬೆಲ್ಲದ ಹಾಗೆ ಮೆತ್ತಗಾಗಿ ಉಳಿಗೆ ಬಗ್ಗುತ್ತದೆ. ನಮ್ಮ ಬೀದರ್ ಜಿಲ್ಲೆಯಲ್ಲಿ ಬಿಸಿಲಿಗೇನು ಬರ. ನಿಮಗೆ ಬಿಳಿಯಾಗಿ ಬೇಕಾದ ಕಡೆ ಕೆತ್ತಿ ತೆಗೆಯಬೇಕು. ಉಳಿಸಿದ್ದು ಕಪ್ಪಾಗಿ ಬರುತ್ತದೆ. ತಪ್ಪಿ ಕೆತ್ತಿದರೆ ಮರಳಿ ಅಂಟಿಸಲು ಬರುವುದಿಲ್ಲ. ಗಾಂಧೀಜಿ ಕೋಲೂರಿಕೊಂಡು ದಂಡಿಗೆ ನಡೆಯುವ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ, 1930ರಲ್ಲಿ ನಂದಲಾಲ್ ಬೋಸರು ಮಾಡಿದ್ದು. ಅದು ಲಿನೋದಲ್ಲೇ ಕೆತ್ತಿದ್ದು. ಕಪ್ಪಿನ ನಡುವೆ ಕೆಲವೇ ಬಿಳಿ ಗೆರೆ, ಅಷ್ಟರಲ್ಲೇ ಆ ನಡಿಗೆ.

ನಾನು ಆರಿಸಿಕೊಂಡದ್ದು ಜಲಸಂಗ್ವಿಯ ಹೆಂಗಸನ್ನು. ಹುಮನಾಬಾದ್ ತಾಲ್ಲೂಕಿನಲ್ಲೇ ಇರುವ ಊರು. ಆದರೂ ನಮ್ಮಲ್ಲಿ ಎಷ್ಟು ಜನ ಹೋಗಿ ನೋಡಿದ್ದಾರೋ. ಅಲ್ಲಿಯ ಚಾಲುಕ್ಯರ ಕಾಲದ ಈಶ್ವರನ ಗುಡಿಯ ಹೊರಗೋಡೆಯ ಮೇಲೆ ಶಿಲಾಬಾಲಿಕೆಯರ ಸಾಲೇ ಇದೆ. ಅವರಲ್ಲಿ ಒಬ್ಬಳು ಕನ್ನಡಿ ನೋಡುವುದಿಲ್ಲ, ಕುಣಿಯುವುದಿಲ್ಲ. ನಿಂತು ಶಾಸನ ಬರೆಯುತ್ತಿದ್ದಾಳೆ. ಬರೆಯುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. 1076ರಿಂದ 1126ರವರೆಗೆ ಕಲ್ಯಾಣದಿಂದ ರಾಜ್ಯವಾಳಿದ ಅರಸ. ಐವತ್ತು ವರ್ಷ ಆಳಿದವನ ಹೆಸರು ಆ ಕಲ್ಲಿನಲ್ಲಿದೆ, ಬರೆಯುವವಳ ಹೆಸರಿಲ್ಲ. ಅದಿರಲಿ, ನನಗೆ ಆಗ ಇಷ್ಟವಾದದ್ದು ಅವಳು ಬರೆವಣಿಗೆಯಲ್ಲಿ ಮುಳುಗಿ ನಮ್ಮ ಕಡೆ ನೋಡದೆ ಇರುವುದೇ.

ಮೊದಲ ಬ್ಲಾಕು ಕೆಟ್ಟಿತು. ಕೆಳಗೆ 'ಜಲಸಂಗ್ವಿ' ಎಂದು ಸುಂದರವಾಗಿ ಕೆತ್ತಿದ್ದೆ, ಅಚ್ಚಿನಲ್ಲಿ ಅದು ತಿರುಗಾಮುರುಗಾ ಆಗಿ ಬಂತು. ಅಚ್ಚು ಎಂದರೆ ಕನ್ನಡಿ ಎಂಬುದು ಮಕ್ಕಳಿಗೆ ಆಲೂಗಡ್ಡೆ ಕೊಯ್ದು ಅಚ್ಚು ಹಾಕಲು ಕಲಿಸಿದ ನನಗೆ ಗೊತ್ತಿರಬೇಕಾಗಿತ್ತು. ಎರಡನೆಯ ಸಲ ಹೆಂಗಸನ್ನೂ ಅಕ್ಷರವನ್ನೂ ಉಲ್ಟಾ ಬರೆದುಕೊಂಡೆ. ನಮ್ಮತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಅವರಿಗೀಗ ಎಂಬತ್ತೈದು. ನಿಜಾಮರ ಕಾಲದಲ್ಲಿ ಎರಡನೆಯ ಇಯತ್ತೆಯವರೆಗೆ ಉರ್ದು ಕಲಿತವರು, ಕನ್ನಡ ಓದಲು ಬರುವುದಿಲ್ಲ. "ಬಲಕ್ಕಿಂದ ಎಡಕ್ಕ ಬರೀಲತ್ತೀ, ಇದು ನನಗ ಬರ್ತದ ನೋಡು" ಎಂದು ನಕ್ಕರು.

ಇನ್ನು ಅಚ್ಚು ತೆಗೆಯುವ ಕೆಲಸ. ನನ್ನಲ್ಲಿ ಪ್ರೆಸ್ಸಿಲ್ಲ. ಗಾಜಿನ ಮೇಲೆ ಮಸಿ ಹಚ್ಚಿ ರೂಲರಿನಿಂದ ಉರುಳಿಸಬೇಕು. ಮಸಿ ಹದಕ್ಕೆ ಬಂದಾಗ ಸಣ್ಣಗೆ ಚಿರ್ರ್ ಎನ್ನುತ್ತದೆ, ಒಗ್ಗರಣೆಗೆ ಸಾಸಿವೆ ಹಾಕುವ ಮುಂಚಿನ ಎಣ್ಣೆಯ ಹಾಗೆ, ಕಿವಿಗೇ ಗೊತ್ತಾಗುತ್ತದೆ. ಆಮೇಲೆ ಬ್ಲಾಕಿಗೆ ಮಸಿ ಕೊಟ್ಟು, ಕೊಂಚ ನೀರು ಸೋಕಿಸಿದ ಕೈಕಾಗದವನ್ನು ಮೇಲೆ ಕವಿಚಿ, ಮರದ ಸೌಟಿನ ಬೆನ್ನಿನಿಂದ ಉಜ್ಜಬೇಕು. ಒಂದೊಂದಕ್ಕೆ ಅರ್ಧ ತಾಸು. ಐದನೆಯದಕ್ಕೆ ನನ್ನ ಭುಜ ಹಿಡಿದುಕೊಂಡಿತು. ಆಗ ನಮ್ಮ ಮನೆಗೆ ಕಸಮುಸುರೆಗೆ ಬರುವಾಕೆ, "ಸರೀರಿ ಅಕ್ಕಾರ, ನಾ ಉಜ್ತೀನಿ" ಎಂದು ಸೆರಗು ಸಿಕ್ಕಿಸಿ ಕೂತಳು. ದಿನಕ್ಕೆ ಮೂವತ್ತು ರೊಟ್ಟಿ ಬಡಿಯುವ ಕೈ. ಎಲ್ಲಿ ಭಾರ ಹಾಕಬೇಕು, ಎಲ್ಲಿ ಹಗುರ ಬಿಡಬೇಕು ಎಂಬುದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ಮಧ್ಯೆ ಮೂರು ಪ್ರತಿ ಕೆಟ್ಟವು, ಅವು ನನ್ನವೇ. ಉಳಿದ ಹತ್ತನ್ನು ಆಕೆ ಉಜ್ಜಿದಳು. ನಿಜ ಹೇಳುತ್ತೇನೆ, ಕಪ್ಪು ಎಲ್ಲಿಯೂ ಚುಕ್ಕೆ ಬಿಡದೆ ರೇಷ್ಮೆಯ ಹಾಗೆ ಕೂತದ್ದು ಆ ಹತ್ತರಲ್ಲೇ. ಆ ಎರಡು ದಿನಕ್ಕೆ ನೂರು ನೂರು ರೂಪಾಯಿ ಹೆಚ್ಚಿಗೆ ಕೊಟ್ಟೆ. ಕೊಟ್ಟಾಗ ಉದಾರವಾಗಿಯೇ ಕೊಟ್ಟೆ ಎನಿಸಿತ್ತು.

ಒಣಗಿದ ಮೇಲೆ ಪೆನ್ಸಿಲ್ ಹಿಡಿದು ಅಂಕಿ ಹಾಕಿದೆ. ಚಿತ್ರದ ಕೆಳಗೆ ಎಡಕ್ಕೆ 1/15, 2/15, 3/15. ಬಲಕ್ಕೆ ನನ್ನ ಸಹಿ. ಇದು ಈ ವಿದ್ಯೆಯ ಪದ್ಧತಿ. ಶಾಲೆಗೆ ಹೋಗುವ ಆಕೆಯ ಮಗಳು ಅಲ್ಲೇ ನಿಂತಿದ್ದಳು. "ಟೀಚರ್, ಹದಿನೈದರಾಗ ಒಂದು ಭಾಗ ಅಂತ ಬರದೀರಿ. ಚಿತ್ರ ಪೂರಾ ಅದಲ್ಲ?" ಎಂದು ಕೇಳಿದಳು. ಭಿನ್ನರಾಶಿ ಈ ವರ್ಷವೇ ಕಲಿತಿದ್ದಾಳೆ. ಭಾಗವಲ್ಲ ಮಗಾ, ಇಂಥವು ಹದಿನೈದೇ ಇವೆ, ಇನ್ನು ಎಂದೂ ಹೆಚ್ಚಾಗುವುದಿಲ್ಲ ಅಂತ ಕೊಳ್ಳುವವರಿಗೆ ಕೊಟ್ಟ ಮಾತು ಎಂದೆ. ಹೇಳುವಾಗ ನನಗೇ ಹೆಮ್ಮೆಯಾಯಿತು.

1/15ನ್ನು ನಾನೇ ಇಟ್ಟುಕೊಂಡು ಕಟ್ಟು ಹಾಕಿಸಿದೆ. ಉಳಿದ ಹದಿನಾಲ್ಕು ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಬದಲಿಸಿ ನನ್ನ ತೊಡೆಯ ಮೇಲೆ ಕೂತು ಬಸವಕಲ್ಯಾಣಕ್ಕೆ ಹೋದವು. ಪ್ರದರ್ಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ದಿನ ನಮ್ಮ ನಮ್ಮ ನೆಂಟರೇ ಬಂದು ಚಹಾ ಕುಡಿದರು. ಎರಡನೆಯ ದಿನ ಮಳೆ. ಮೂರನೆಯ ದಿನ ಜನ. ಒಂದಕ್ಕೆ ಆರುನೂರು ರೂಪಾಯಿ ಇಟ್ಟಿದ್ದೆ. ಒಂಬತ್ತು ಅಲ್ಲೇ ಹೋದವು, ಐದು ಮುಂದಿನ ತಿಂಗಳಲ್ಲಿ. ಒಬ್ಬ ಚಿಕ್ಕ ವಯಸ್ಸಿನ ಶಿಕ್ಷಕಿ 9/15ರ ಮುಂದೆ ಬಹಳ ಹೊತ್ತು ನಿಂತು, ಮುನ್ನೂರು ಕೊಟ್ಟು, ಉಳಿದದ್ದು ಪಗಾರದ ಮೇಲೆ ಕೊಡುತ್ತೇನೆಂದು ಹೇಳಿ ಹಾಗೆಯೇ ತಂದುಕೊಟ್ಟಳು.

ಇದಾಗಿ ಸ್ವಲ್ಪ ದಿನಕ್ಕೆ ದೂರದ ಸಂಬಂಧಿಕರೊಬ್ಬರು ಬಂದರು. ಆಫೀಸಿನಲ್ಲಿ ಮೇಲಿನವರಿಗೆ ಕಾಣಿಕೆ ಕೊಡಲು ಹತ್ತು ಬೇಕಂತೆ. "ಬ್ಲಾಕ್ ಮನ್ಯಾಗೇ ಅದಲ್ಲ ವೈನಿ, ಇನ್ನ ಹತ್ತು ತಗೀರಿ. ಯಾರಿಗಿ ಗೊತ್ತಾಗ್ತದ?" ನಾನು ಆಗುವುದಿಲ್ಲ ಎಂದೆ. ಮಾತೆಂದರೆ ಮಾತು ಎಂದೆ. ಅವರು ಹೋದ ಮೇಲೆ ಅರ್ಧ ದಿನ ನನ್ನ ಮೇಲೆ ನನಗೇ ಗೌರವ ಹೆಚ್ಚಾಗಿತ್ತು. ಬೇಡವೆನ್ನುವುದು ಎಷ್ಟು ಸುಲಭವೆಂಬುದು ಕೇಳುವವರು ಯಾರು ಎನ್ನುವುದರ ಮೇಲಿದೆ. ಇದು ಆಗ ಹೊಳೆಯಲಿಲ್ಲ.

ಅದೇ ವಾರ ಆಕೆ ಕೇಳಿದಳು. ಪಾತ್ರೆ ತೊಳೆದು ಬೋರಲು ಹಾಕುತ್ತ, ನನ್ನ ಮುಖ ನೋಡದೆ. "ಅಕ್ಕಾರ, ಮನಿ ಸ್ಲ್ಯಾಬ್ ಆಯ್ತು. ಗ್ವಾಡಿ ಖಾಲಿ ಅದ. ಆ ಬರಿಯೋ ಹೆಣ್ಮಗಳದು ಒಂದು ಕೊಡ್ರಲ್ಲ. ರೊಕ್ಕ ಪಗಾರದಾಗ ಹಿಡ್ಕೋರಿ." ಖಾಲಿಯಾಗಿವೆ ಎಂದೆ. "ಖಾಲಿ ಆದ್ರ ಏನಾಯ್ತ್ರಿ, ನಾನೇ ಉಜ್ತೀನಲ್ಲ?" ಎಂದಳು.

ನೀವೇ ಹೇಳಿ, ಇದಕ್ಕೇನು ಹೇಳುವುದು? ಆ ಸಂಬಂಧಿಕರಿಗೆ ಕೊಟ್ಟ ಉತ್ತರವನ್ನೇ ಈಕೆಗೆ ಕೊಡಬಹುದೆ? ಮಾತು ಎನ್ನುವುದು ಕೇಳಿದವರನ್ನು ನೋಡಿ ಬದಲಾದರೆ ಅದು ಮಾತಲ್ಲ. ಆದರೆ ಹದಿನೈದರಲ್ಲಿ ಹತ್ತು ಆಕೆಯ ತೋಳಿನಿಂದ ಬಂದವು, ಸಹಿ ಮಾತ್ರ ನನ್ನದು. ಜಪಾನಿನ ಹೊಕುಸಾಯ್ ಎಂಬಾತನ ದೊಡ್ಡ ಅಲೆಯ ಚಿತ್ರ ಜಗತ್ತಿಗೇ ಗೊತ್ತು, 1831ರ ಸುಮಾರಿನದು. ಅವನು ಬರೆದುಕೊಟ್ಟದ್ದು ಚಿತ್ರವನ್ನಷ್ಟೆ. ಮರ ಕೆತ್ತಿದವರು ಬೇರೆ, ಬಣ್ಣ ಹಚ್ಚಿ ಕಾಗದ ಉಜ್ಜಿದವರು ಬೇರೆ. ಅಲೆಯ ಮೇಲೆ ಉಳಿದದ್ದು ಅವನ ಹೆಸರು. ಅದನ್ನು ಓದಿದಾಗ ಅಯ್ಯೋ ಪಾಪ ಎಂದಿದ್ದೆ. ನನ್ನ ಪಡಸಾಲೆಯಲ್ಲೇ ಅದು ನಡೆದಾಗ ದಿನಕ್ಕೆ ನೂರು ರೂಪಾಯಿ ಲೆಕ್ಕ ಹಾಕಿದ್ದೆ.

ನಮ್ಮ ಆರು ಜನರಲ್ಲಿ ಒಬ್ಬಾಕೆ ಫೋನಿನಲ್ಲಿ ಒಂದು ದಾರಿ ಹೇಳಿದಳು. ಕಲಾವಿದರ ಪ್ರತಿ ಎಂದು ಒಂದಿರುತ್ತದೆ, ಅಂಕಿಯ ಬದಲು 'ಎ.ಪಿ.' ಎಂದು ಬರೆಯುತ್ತಾರೆ, ಅದು ಹದಿನೈದರ ಲೆಕ್ಕಕ್ಕೆ ಬರುವುದಿಲ್ಲ. ಒಂದು ತೆಗೆದು ಹಾಗೆ ಬರೆದುಕೊಡು ಎಂದಳು. ಪದ್ಧತಿ ಇರುವುದು ನಿಜ. ಆದರೆ ಅದನ್ನು ಮೊದಲೇ ತೆಗೆದಿಟ್ಟಿರಬೇಕು, ಮೊದಲೇ ಹೇಳಿರಬೇಕು. ಬೇಕಾದಾಗ ತೆಗೆಯುವ ಕಿಟಕಿಯಂತೆ ಬಳಸಿದರೆ ಬಾಗಿಲಿಗೆ ಬೀಗ ಹಾಕಿ ಏನು ಬಂತು?

ಕೆಟ್ಟ ಮೂರು ಪ್ರತಿಗಳು ಕಪಾಟಿನಲ್ಲಿದ್ದವು. ಅದರಲ್ಲೊಂದನ್ನು ಹೊರಗೆ ತೆಗೆದೆ. ಮೂಲೆಯಲ್ಲಿ ಮಸಿ ಹತ್ತಿಲ್ಲ, ಅಷ್ಟೆ. ಆಕೆಗೆ ಅದೇನು ತಿಳಿಯುತ್ತದೆ ಎಂದುಕೊಂಡೆ. ಹಾಗೆಂದುಕೊಂಡ ಮರುಗಳಿಗೆಯೇ ನಾಚಿಕೆಯಾಯಿತು. ಎಲ್ಲರಿಗಿಂತ ಹೆಚ್ಚು ತಿಳಿಯುವುದು ಆಕೆಗೇ. ಹಳೆಯ ಸೀರೆ, ತಂಗಳು ರೊಟ್ಟಿ, ಕೆಟ್ಟ ಪ್ರತಿ: ನಾವು ಕೊಡುವುದರ ಸಾಲು ಹೀಗೇ ಬೆಳೆಯುತ್ತದೆ. ಮರಳಿ ಕಪಾಟಿಗಿಟ್ಟೆ.

ರಾತ್ರಿ ನಿದ್ದೆ ಬಾರದೆ ಇನ್ನೊಂದು ರೀತಿ ಯೋಚಿಸಿದೆ. ಈ ಹದಿನೈದೇ ಎನ್ನುವ ನಿಯಮವಾದರೂ ಎಲ್ಲಿಯದು? ಅಚ್ಚು ಹುಟ್ಟಿದ್ದೇ ಹೆಚ್ಚು ಜನಕ್ಕೆ ಮುಟ್ಟಲೆಂದು. ಅಂಕಿ ಹಾಕುವ ರೂಢಿ ಬಲಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಯುರೋಪಿನಲ್ಲಿ. ಕೊಳ್ಳುವವರಿಗೆ ಅಪರೂಪದ ಆಸೆ ಹುಟ್ಟಿಸಲು. ಅದೇ ಹೊತ್ತಿಗೆ, 1894ರಲ್ಲಿ, ರಾಜಾ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ಸು ತೆರೆದು ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಗೆ ಕಳಿಸಿದ. ನಮ್ಮ ಅಜ್ಜಿಯ ದೇವರ ಜಗುಲಿಯ ಲಕ್ಷ್ಮಿ ಎಷ್ಟನೆಯ ಪ್ರತಿ ಎಂದು ಯಾರೂ ಕೇಳಲಿಲ್ಲ. ಕುಂಕುಮ ಹಚ್ಚಿ ಹಚ್ಚಿ ಅವಳ ಪಾದವೇ ಕಾಣದಾಗಿತ್ತು. ಇನ್ನು ನಮ್ಮ ಕಲ್ಯಾಣದ ಮಾತು. ಶರಣರು ಚೆದುರಿ ಹೋದ ಮೇಲೆ ವಚನಗಳು ಉಳಿದದ್ದು ಜನ ತಾಳೆಗರಿಯ ಮೇಲೆ ಪ್ರತಿ ಮಾಡಿ, ಅದರ ಪ್ರತಿ ಮಾಡಿ ಇಟ್ಟದ್ದರಿಂದ. ಫ.ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಮನೆಮನೆ ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಮಾಡಿಸಿದರು. ಮುಂದೆ ಇದಕ್ಕೆಂದೇ ಸ್ವಂತ ಮುದ್ರಣಾಲಯ ಹಾಕಲು ಇದ್ದ ಮನೆಯನ್ನೂ ಮಾರಿದರು. ವಚನಕ್ಕೆ ಅಂಕಿತವಿದೆ, ಅಂಕಿಯಿಲ್ಲ. ಇಂಥ ನೆಲದಲ್ಲಿ ಕೂತು ನಾನು ಹದಿನೈದೇ ಎಂದು ಗೀಟು ಎಳೆಯುವುದು ಅಹಂಕಾರವಲ್ಲದೆ ಏನು?

ಹೀಗೆ ಯೋಚಿಸಿದಾಗ ಹದಿನಾರನೆಯದನ್ನು ತೆಗೆಯಲು ಕೈ ತುರಿಸಿತು. ಅಷ್ಟರಲ್ಲಿ ಆಯ್ದಕ್ಕಿ ಲಕ್ಕಮ್ಮ ನೆನಪಿಗೆ ಬಂದಳು. ಕಥೆ ನಿಮಗೆ ಗೊತ್ತಿದ್ದದ್ದೇ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಗಂಡ ಮಾರಯ್ಯ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಮರಳಿ ಅಲ್ಲೇ ಸುರಿದು ಬರಲು ಕಳಿಸಿದಳು. ಚೆಲ್ಲಿದ ಅಕ್ಕಿ, ಯಾರದೂ ಅಲ್ಲ, ಯಾರೂ ನೋಡುತ್ತಿರಲಿಲ್ಲ. ತನಗೆ ಗೊತ್ತುಮಾಡಿಕೊಂಡ ಅಳತೆ ಮಾತ್ರ ಅವಳ ಕಣ್ಣೆದುರು ಇತ್ತು. ಸರಿ, ಹದಿನೈದು ಅಂದರೆ ಹದಿನೈದು ಎಂದು ಮಗ್ಗುಲು ಬದಲಿಸಿದೆ. ಲಕ್ಕಮ್ಮ ನನ್ನ ಕಡೆ ಇದ್ದಾಳೆ ಎನ್ನುವ ಸಮಾಧಾನದಲ್ಲಿ ನಿದ್ದೆ ಬಂತು.

ಆದರೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ತವರಿಗೆ ಹೋದಾಗ ಆ ಶಿಕ್ಷಕಿಯ ಮನೆಗೆ ಹೋದೆ, ಒಂಬತ್ತನೆಯವಳ ಮನೆಗೆ. ಇನ್ನೊಂದೇ ಒಂದು ಪ್ರತಿ ತೆಗೆದರೆ ನಿಮಗೇನಾದರೂ ಅನ್ನಿಸೀತೆ, ಮಾರಲಿಕ್ಕಲ್ಲ ಎಂದು ಕೇಳಿದೆ. ಏನೂ ಇಲ್ಲ ಬಿಡ್ರಿ ಎನ್ನುತ್ತಾಳೆಂದೇ ತಿಳಿದಿದ್ದೆ. ಅವಳು ಸುಮ್ಮನೆ ಕೂತಳು. ಆಮೇಲೆ ಹೇಳಿದಳು: "ಮೇಡಂ, ಆರುನೂರು ಕೊಟ್ಟು ಕಾಗದ ತಂದಿ ಅಂತ ಮನ್ಯಾಗ ಭಾಳ ಮಾತಾಯ್ತು. ಇಂಥವು ಹದಿನೈದೇ ಅವ ಅಂತ ಹೇಳಿ ನಾ ಜಗಳ ಗೆದ್ದೀನಿ. ನೀವು ಕೇಳದೇ ಮಾಡಿದ್ರ ನನಗ ಗೊತ್ತೇ ಆಗ್ತಿದ್ದಿಲ್ಲ. ಕೇಳೀರಿ ಅಂತ ಹೇಳ್ತೀನಿ, ನನಗ ಬ್ಯಾಡ ಅನಸ್ತದ."

ಅಲ್ಲಿ ಕೊಟ್ಟ ಚಹಾ ಆರಿತು. ಯಾರಿಗೂ ನಷ್ಟವಿಲ್ಲದ ಮಾತು, ನನ್ನ ಹೆಮ್ಮೆಯ ಮಾತು ಎಂದುಕೊಂಡಿದ್ದ ಆ ಅಂಕಿ ಒಬ್ಬಳಿಗೆ ಮನೆಯಲ್ಲಿ ತಲೆ ಎತ್ತಿ ನಿಲ್ಲಲು ಆಸರೆಯಾಗಿತ್ತು. ಅಪರೂಪದ ಆಸೆ, ಯುರೋಪು, ಅದು ಇದು ಎಂದು ನಾನು ರಾತ್ರಿಯೆಲ್ಲ ಹೊಸೆದದ್ದು ಅವಳ ಮುಂದೆ ನಿಲ್ಲಲಿಲ್ಲ. ಪದ್ಧತಿ ಎಲ್ಲಿಂದ ಬಂದರೇನು, ನಾನು ಒಪ್ಪಿ ಬರೆದಿದ್ದೆ, ಅವಳು ನಂಬಿ ಕೊಂಡಿದ್ದಳು. ರಾಜೇಶ್ವರದವರೆಗೂ ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತ ಬಂದೆ. ಆಕೆಗೆ ಹೇಗೆ ಹೇಳುವುದು? ಮುಂದಿನ ಚಿತ್ರದಲ್ಲಿ ಕೊಡುತ್ತೇನೆ ಎನ್ನಲೆ? ಮುಂದಿನದು ಈ ಬರೆಯುವ ಹೆಣ್ಣುಮಗಳಾಗಿರುವುದಿಲ್ಲವಲ್ಲ.

ಮನೆಗೆ ಬಂದು ಚೀಲವಿಳಿಸಿ ಅತ್ತೆಯ ಮುಂದೆ ಎಲ್ಲ ಹೇಳಿಕೊಂಡೆ. ಲಕ್ಕಮ್ಮನನ್ನೂ ಸೇರಿಸಿ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತ ಕೇಳಿದರು. ಕೇಳಿ, ಅಡಿಕೆಯನ್ನು ಬಾಯಿಗೆ ಹಾಕಿಕೊಂಡು, ಗದ್ದ ಎತ್ತಿ ಪಡಸಾಲೆಯ ಗೋಡೆ ತೋರಿಸಿದರು.

"ಮತ್ತ ಅದ್ಯಾರ್ದು?"

ಗೋಡೆಯ ಮೇಲೆ 1/15 ಇತ್ತು. ಕಟ್ಟು, ಗಾಜು, ಹಿತ್ತಾಳೆಯ ಕೊಂಡಿ. ಅದರ ಕೆಳಗೇ ಮಂಚ ಹಾಕಿಕೊಂಡು ನಾನು ಆ ರಾತ್ರಿ ರವಿವರ್ಮನನ್ನೂ ಹಳಕಟ್ಟಿಯವರನ್ನೂ ಎಬ್ಬಿಸಿದ್ದೆ. ಕೆಟ್ಟ ಪ್ರತಿ ಕೊಡಲೆ ಎಂದು ಯೋಚಿಸಿದೆ, ಮಾತು ಮುರಿಯಲೆ ಎಂದು ಯೋಚಿಸಿದೆ, ಇನ್ನೊಬ್ಬಳನ್ನು ಹೋಗಿ ಕೇಳಿಯೂ ಬಂದೆ. ಅವಳ ಪಾಲಿನಿಂದ ಒಂದಿಷ್ಟು ಬಿಟ್ಟುಕೊಡೆಂದು ಕೇಳಿದ್ದೇ ತಾನೆ ಅದು? ನನ್ನದನ್ನು ಕೊಡಬಹುದೆಂದು ಒಂದು ಸಲವೂ ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೋ, ಹೊಳೆಯಗೊಡಲಿಲ್ಲವೋ, ಅದನ್ನು ಈಗಲೂ ಖಚಿತವಾಗಿ ಹೇಳಲಾರೆ. ಮಾರಯ್ಯನಿಗೆ ಮರಳಿ ಸುರಿದು ಬಾ ಎಂದ ಲಕ್ಕಮ್ಮ ತನ್ನ ಮಡಕೆಯ ಅಕ್ಕಿಯ ಬಗ್ಗೆ ಹೇಳಿದ್ದಳು, ಪಕ್ಕದ ಮನೆಯವರ ಮಡಕೆಯದಲ್ಲ.

ಅಂದೇ ಸಂಜೆ ಇಳಿಸಿದೆ. ಕೊಡುವಾಗ ಸುಲಭವಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗಾಜು ಎರಡು ಸಲ ಒರೆಸಿದೆ. ಕೆಳಗೆ ನಿನ್ನ ಹೆಸರನ್ನೂ ಬರೆಯುತ್ತೇನೆ, ಕಟ್ಟು ಬಿಚ್ಚಿಸೋಣ ಎಂದೆ. ಆಕೆ ಗಾಬರಿಯಾಗಿ, "ಬ್ಯಾಡ್ರಿ ಅಕ್ಕಾರ, ಚಿತ್ರ ಕೆಡ್ತದ" ಎಂದು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಹೋದಳು. ಆಮೇಲೆ ಅವರ ಮನೆಗೆ ಹೋದಾಗ ನೋಡಿದೆ. ಮಗಳು ಹಿಂದಿನ ರಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ಅವ್ವನ ಹೆಸರು ಬರೆದಿದ್ದಳು, ಅದರ ಪಕ್ಕದಲ್ಲಿ ಶಾಲೆಯ ಲೆಕ್ಕದಂತೆ 10/15 ಎಂದೂ ಬರೆದಿದ್ದಳು. ಎಷ್ಟನೆಯದು ಎಂಬ ಅರ್ಥದಲ್ಲಲ್ಲ. ಅವ್ವ ಉಜ್ಜಿದ್ದು ಎಷ್ಟು ಎಂಬ ಅರ್ಥದಲ್ಲಿ.

ಪಗಾರದಲ್ಲಿ ರೊಕ್ಕ ಹಿಡಿಯಲಿಲ್ಲ. ಉಜ್ಜಿದ ಲೆಕ್ಕವನ್ನು ಬೇರೆಯಾಗಿ ಕೂಡಿಸಿ ಕೊಟ್ಟೆ, ಅದು ಮೊದಲೇ ಆಗಬೇಕಾಗಿತ್ತು. ಬ್ಲಾಕು ಮಾತ್ರ ಇನ್ನೂ ಟ್ರಂಕಿನಲ್ಲಿದೆ, ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಪ್ರತಿಗಳು ಮುಗಿದ ಮೇಲೆ ಬ್ಲಾಕಿನ ಮೇಲೆ ಅಡ್ಡ ಗೀರು ಎಳೆದು ಕೆಡಿಸಬೇಕು, ಹಾಗೆ ಮಾಡಿದರೇ ಮಾತು ಪೂರ್ತಿಯಾಗುವುದು ಎಂದು ಗೆಳತಿಯರು ಹೇಳುತ್ತಾರೆ. ಎರಡು ಸಲ ಉಳಿ ಹಿಡಿದು ಕೂತೆ. ಬರೆಯುತ್ತಿರುವವಳ ಮೇಲೆ ಗೀರು ಎಳೆಯಲು ಕೈ ಬರಲಿಲ್ಲ, ಮರಳಿ ಸುತ್ತಿಟ್ಟೆ.

ಖಾಲಿಯಾದ ಮೊಳೆಗೆ ಅತ್ತೆ ಕ್ಯಾಲೆಂಡರ್ ಹಾಕಿಸಿಕೊಂಡಿದ್ದಾರೆ. ಏಕಾದಶಿ ಎಂದು ಎಂದು ನನ್ನನ್ನೇ ಕೇಳುತ್ತಾರೆ.